ಮಾವಶಿ ಓದಲು ಕಲಿತದ್ದು

ಕಳೆದ ವಾರ ಮಕ್ಕಳ ನೋಟ್‌ಬುಕ್ ತಿದ್ದುವಾಗ ಒಂದರಿಂದ ತಂಬಾಕಿನ ಘಾಟು ಬಂತು. ಆ ಹುಡುಗಿಯ ತಾಯಿ ಬೀಡಿ ಕಟ್ಟುತ್ತಾಳೆ; ಮನೆಯ ಎಲ್ಲದಕ್ಕೂ ಅದೇ ವಾಸನೆ ಹತ್ತಿರುತ್ತದೆ. ಎರಡು ಸಲ ಸೀನಿ, ಪುಸ್ತಕ ಮುಚ್ಚಿದೆ. ನಿಪ್ಪಾಣಿಯ ನಮ್ಮ ಓಣಿಯ ಮಾವಶಿ ನೆನಪಾಗಿದ್ದರು...

ಮಾವಶಿ ಎಂದರೆ ನಮ್ಮ ಕಡೆ ತಾಯಿಯ ಅಕ್ಕ-ತಂಗಿ; ಇವರು ಸ್ವಂತ ಮಾವಶಿಯಲ್ಲ. ಗೋಡೆಗೆ ಗೋಡೆ ಹತ್ತಿದ ಮನೆಯವರು, ಅವ್ವನಿಗಿಂತ ದೊಡ್ಡವರು, ಇಡೀ ಓಣಿಗೆ ಮಾವಶಿ. ಗಂಡ ತೀರಿಕೊಂಡ ಮೇಲೆ ಬೀಡಿ ಕಟ್ಟಿಯೇ ಮಗಳನ್ನು ಹತ್ತನೆಯವರೆಗೆ ಓದಿಸಿ, ಮಂಗಸೂಳಿ ಕಡೆ ಮದುವೆ ಮಾಡಿಕೊಟ್ಟಿದ್ದರು. ತಮಗೆ ಮಾತ್ರ ಒಂದು ಅಕ್ಷರವೂ ಬರುತ್ತಿರಲಿಲ್ಲ. ಅತ್ತೆಯ ಮನೆಯಲ್ಲಿ ಮಗಳು ಫೋನಿನಲ್ಲಿ ಬಾಯಿಬಿಟ್ಟು ಮಾತಾಡುವಂತಿರಲಿಲ್ಲ, ಯಾರಾದರೊಬ್ಬರು ಹತ್ತಿರವೇ ಸುಳಿಯುತ್ತಿದ್ದರು. ಅದಕ್ಕೇ ಮೆಸೇಜು ಬರೆಯುತ್ತಿದ್ದಳು. ಅದನ್ನು ನಾನು ಓದಿ ಹೇಳುತ್ತಿದ್ದೆ. ಆಗ ನನ್ನದು ಬಿ.ಎಡ್. ನಡೆದಿತ್ತು.

ಒಂದು ದಿನ ಮಾವಶಿ ನನ್ನ ಕೈಯಿಂದ ಫೋನು ಹಿಂದಕ್ಕೆ ತೆಗೆದುಕೊಂಡರು. "ಬ್ಯಾಸರ ಮಾಡ್ಕೋಬ್ಯಾಡ ತಂಗಿ. ನನ್ನ ಮಗಳ ಮಾತ ನಾನ ಓದಬೇಕು. ನನಗ ಕಲಸು," ಎಂದರು.

ಕಲಿಸತೊಡಗಿದೆ. ಬಿ.ಎಡ್. ಓದುವವಳ ಗತ್ತು ಕೇಳಬೇಕೆ! ಚಾರ್ಟು, ಚಿತ್ರ, ಪಾಠಯೋಜನೆ... ಮಾವಶಿ ಮಡಿಲಲ್ಲಿ ಮೊರ ಇಟ್ಟುಕೊಂಡು ಎಲೆ ಸುತ್ತುತ್ತಲೇ ಅಕ್ಷರ ನೋಡುತ್ತಿದ್ದರು. ಒತ್ತಕ್ಷರಕ್ಕೆ ಬಂದು ಗಾಡಿ ನಿಂತಿತು. ನನ್ನ ಪರೀಕ್ಷೆ ಹತ್ತಿರ ಬಂತು, ತಾಳ್ಮೆಯೂ ತೀರಿತು. ಮೆಸೇಜನ್ನು ಗಟ್ಟಿಯಾಗಿ ಓದಿ ಹೇಳುವ ಆ್ಯಪ್ ಒಂದನ್ನು ಅವರ ಫೋನಿಗೆ ಹಾಕಿಕೊಟ್ಟೆ. "ಇಲ್ಲಿ ಒತ್ತಿದ್ರ ಅದ ಓದತೈತ್ರಿ ಮಾವಶಿ," ಎಂದೆ. ಅವರಿಗೆ ಖುಷಿಯೋ ಖುಷಿ. ನಿಜ ಹೇಳಬೇಕೆಂದರೆ ನನಗೂ ಬಿಡುಗಡೆ.

ಮರುದಿನ ಮಧ್ಯಾಹ್ನ ಕಟ್ಟೆಯ ಮೇಲೆ ಏಳೆಂಟು ಹೆಂಗಸರು ಬೀಡಿ ಕಟ್ಟುತ್ತ ಕುಳಿತಿದ್ದರು. ಮಾವಶಿಯ ಫೋನು ಟಣ್ ಎಂದಿತು. "ನೋಡ್ರಿಲ್ಲಿ, ನನ್ನ ಫೋನ ಓದತೈತಿ," ಎಂದು ಹೆಮ್ಮೆಯಿಂದ ಒತ್ತಿದರು. ಬಸ್‌ಸ್ಟ್ಯಾಂಡಿನಲ್ಲಿ ಬಸ್ಸು ಕೂಗುವಂಥ ದನಿಯಲ್ಲಿ ಅದು ಓದಿತು: "ಅವ್ವಾ, ನನಗ ಇಲ್ಲಿ ಇರಾಕ ಆಗವಲ್ದು. ಅತ್ತಿ ಮೂರ ದಿನದಿಂದ ಊಟಕ್ಕ ಕರದಿಲ್ಲ. ಯಾರ ಮುಂದೂ ಹೇಳಬ್ಯಾಡ."

ಎಲ್ಲರ ಕೈಗಳು ನಿಂತವು. ನಿಲ್ಲಿಸುವುದು ಹೇಗೆಂದು ನಾನು ಹೇಳಿಕೊಟ್ಟೇ ಇರಲಿಲ್ಲ. ಮಾವಶಿ ಗಾಬರಿಯಲ್ಲಿ ಮತ್ತೆ ಒತ್ತಿದರು. ಅದು ಮೊದಲಿನಿಂದ ಮತ್ತೊಮ್ಮೆ ಓದಿತು.

ಕುಳಿತವರಲ್ಲಿ ಒಬ್ಬಳ ತವರು ಆ ಮಗಳನ್ನು ಕೊಟ್ಟ ಊರೇ. ವಾರದೊಳಗೆ ಸುದ್ದಿ ಬೀಗರ ಮನೆ ಮುಟ್ಟಿತು. ಅಲ್ಲೇನು ನಡೆಯಿತೋ, ಮಗಳು ಹೇಳಲಿಲ್ಲ. ಆಮೇಲೆ ಬಂದದ್ದೆಲ್ಲ ಒಂದೇ ಮೆಸೇಜು: "ಆರಾಮ ಅದೀನಿ."

ಮಾವಶಿ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಆ್ಯಪ್ ತೆಗೆಸಿ, ಮತ್ತೆ ಪಾಟಿ-ಬಳಪ ಹಿಡಿದುಕೊಂಡು ಬಂದರು. ಮಳೆಗಾಲ ಮುಗಿಯುವಷ್ಟರಲ್ಲಿ ಬಸ್ಸಿನ ಬೋರ್ಡು, ಔಷಧಿ ಅಂಗಡಿಯ ಹೆಸರು ಎಲ್ಲವನ್ನೂ ಒತ್ತಕ್ಷರ ಸಮೇತ ಓದುತ್ತಿದ್ದರು. ಒಂದು ಸಂಜೆ ಫೋನು ತಂದು ನನ್ನ ಮುಂದೆ ಹಿಡಿದರು.

"ಆರಾಮ ಅದೀನಿ, ಇಷ್ಟ ಕಾಣತೈತಿ. ಇನ್ನೂ ಏನರ ಬರದಿರಬೇಕು ತಂಗಿ. ನನಗ ಓದಾಕ ಬರವಲ್ದೇನೋ, ನೋಡು."

"ಬರೋಬ್ಬರಿ ಓದೀರಿ ಮಾವಶಿ. ಅಷ್ಟ ಐತ್ರಿ."

ಅವರು ನಂಬಿದಂತೆ ಕಾಣಲಿಲ್ಲ. ಮುಂದೆಯೂ ಎಷ್ಟೋ ಸಲ ಇದನ್ನೇ ಕೇಳಿದರು...

ನನಗೆ ನೌಕರಿ ಸಿಕ್ಕಿ ರಾಯಬಾಗದ ಕಡೆ ಬಂದೆ. ಮಾವಶಿ ತೀರಿಕೊಂಡು ಎರಡು ವರ್ಷವಾಯಿತು. ದಿನಕರ್ಮಕ್ಕೆ ಹೋದಾಗ ಮಗಳು ಸಿಕ್ಕಳು. ಅವಳಿಗೆ ಸಮಾಧಾನವಾಗಲೆಂದು, ನಿಮ್ಮವ್ವ ಎಷ್ಟು ಚಂದ ಓದುತ್ತಿದ್ದರು ಎಂದೆ. ಅವಳು ನನ್ನ ಮುಖವನ್ನೇ ನೋಡಿದಳು.

"ಅವ್ವ ಹೇಳಿದ್ಳು, ಈಗ ನಾನ ಓದತೀನಿ, ಏನಿದ್ರೂ ಬರಿ ಅಂತ. ಎರಡ ಸಾಲ ಬರದೂ ಕಳಿಸಿದ್ಳು. ನಾ ನಂಬಲಿಲ್ರಿ ಅಕ್ಕಾ, ಇನ್ನೂ ಆ ಫೋನ ಎಲ್ಲಾರ ಮುಂದ ಓದತೈತಿ ಅಂದ್ಕೊಂಡ್ನಿ. ಆ ಎರಡ ಸಾಲನ್ನೂ ಫೋನ ಬರದೈತಿ ಅಂತ ತಿಳಕೊಂಡ್ನಿ."

ನಮ್ಮ ಶಾಲೆಗೆ ಈಗ ಟ್ಯಾಬ್ ಬಂದಿವೆ. ಪಾಠವನ್ನು ಅವೇ ಓದುತ್ತವೆ. ಕಣ್ಣು ಕಾಣದ ಹುಡುಗಿಯೊಬ್ಬಳು ಅದರಿಂದಲೇ ತರಗತಿಗೆ ಮೊದಲಿಗಳಾಗಿದ್ದಾಳೆ, ನೋಡಿದರೆ ಸಂತೋಷವಾಗುತ್ತದೆ. ಉಳಿದವರೂ ಓಡಿಬಂದು ಬಟನ್ ಒತ್ತಿದಾಗ ಬೇಡವೆನ್ನಲೋ, ಒತ್ತಲಿ ಬಿಡು ಎನ್ನಲೋ ತಿಳಿಯದೆ ನಿಲ್ಲುತ್ತೇನೆ. ಅಂದಿನ ತಪ್ಪು ಆ ಆ್ಯಪಿನದೋ, ನನ್ನ ಅವಸರದ್ದೋ... ಯೋಚಿಸಿ ಯೋಚಿಸಿ ತಲೆ ಕೆಟ್ಟುಹೋಗಿದೆ. ಮಾವಶಿ ಫೋನು ತಂದು ನನ್ನ ಮುಂದೆ ಹಿಡಿದ ಆ ಸಂಜೆಯೇ ಒಂದು ಫೋನ್ ಮಾಡಿ, ನಿಮ್ಮವ್ವ ಖರೇನೇ ಓದುತ್ತಾರೆ ಎಂದು ಆ ಮಗಳಿಗೆ ನಾನು ಹೇಳಬಹುದಿತ್ತು. ಅವಳ ಸಂಸಾರಕ್ಕೆ ಕಿಡಿ ಹಚ್ಚಿದವಳು ನಾನೇ ಎಂಬ ನಾಚಿಕೆಗೆ ಹೇಳಲಿಲ್ಲ. ಮಾವಶಿ ಮಾತ್ರ, ತಮಗೇ ಸರಿಯಾಗಿ ಓದಲು ಬರುವುದಿಲ್ಲ ಎಂದುಕೊಂಡೇ ಹೋದರು.