ಭಾವನವರ ಹೈಸ್ಕೋರು

ನಮ್ಮ ಭಾವನವರ ಬಲಗೈ ಹೆಬ್ಬೆರಳು ಎಡಗೈಯದಕ್ಕಿಂತ ದಪ್ಪಗಿತ್ತು. ಆಕ್ಸಿಲರೇಟರ್ ಒತ್ತಿ ಒತ್ತಿ ಹಾಗಾಗಿದೆ ಎಂದು ಅವರೇ ಹೆಮ್ಮೆಯಿಂದ ತೋರಿಸುತ್ತಿದ್ದರು. ಒತ್ತುತ್ತಿದ್ದುದು ಮೊಬೈಲಿನ ಗಾಜನ್ನು. ಅರವತ್ತು ದಾಟಿದ ನಿವೃತ್ತ ಗುಮಾಸ್ತರು, ನನ್ನ ಗಂಡನ ಅಣ್ಣ, ಚಿಕ್ಕಬಳ್ಳಾಪುರದಲ್ಲಿ ನಮ್ಮ ಪಕ್ಕದ ಬೀದಿಯಲ್ಲೇ ಮನೆ. ಯಾರಾದರೂ ಹೋದರೆ ಕಾಫಿ ಬರುವುದಕ್ಕೆ ಮುಂಚೆ ಅವರ ಸ್ಕೋರು ಬರುತ್ತಿತ್ತು.

ಗುಡ್ಡ, ಹಳ್ಳ, ಮುರಿದ ಸೇತುವೆಗಳ ಮೇಲೆ ಗಾಡಿ ಹಾರಿಸುವ ಆಟ ಅದು. ಗಾಳಿಯಲ್ಲಿ ಪಲ್ಟಿ ಹೊಡೆದು ಚಕ್ರದ ಮೇಲೇ ಇಳಿದರೆ ಅಂಕ, ಎರಡು ಪಲ್ಟಿ ಹೊಡೆದರೆ ಇನ್ನೂ ಹೆಚ್ಚು, ತಲೆಕೆಳಗಾಗಿ ಬಿದ್ದರೆ ಮೊದಲಿಂದ ಶುರು. ಇದನ್ನು ಅವರು ವೇದಾಂತದ ಹಾಗೆ ಬೋಧಿಸುತ್ತಿದ್ದರು.

“ಎಲ್ರೂ ಬೈಕ್ ತಗೊಂಡೋಗಿ ಸಾಯ್ತಾರೆ ಕಣಮ್ಮ. ಬೈಕು ಹಗುರ, ಬೇಗ ತಿರುಗತ್ತೆ, ಒಪ್ಕೋತೀನಿ. ಇಳಿಯೋವಾಗ ಏನ್ಮಾಡ್ತೀಯ? ಉದ್ದ ಹಾರೋ ಕಡೆ ಲಾರೀನೇ ತಗೋಬೇಕು. ಮೇಲಿದ್ದಾಗ ಆಕ್ಸಿಲೇಟರ್ ಒತ್ತಿದ್ರೆ ಮೂತಿ ಏಳತ್ತೆ, ಬ್ರೇಕ್ ಒತ್ತಿದ್ರೆ ಬಗ್ಗತ್ತೆ. ಅಷ್ಟೇ ವಿದ್ಯೆ. ಅಂತಾ ಬಂಡಿಲೋನೇ ಉಂದಮ್ಮ!”

ಎಲ್ಲಾ ಇರುವುದು ಗಾಡಿಯಲ್ಲೇ ಎಂಬ ಈ ತೆಲುಗು ಮಾತಿಲ್ಲದೆ ಅವರ ಭಾಷಣ ಮುಗಿಯುತ್ತಿರಲಿಲ್ಲ. ನಮ್ಮ ಮನೆತನದವರ ಬುದ್ಧಿಗೆ ಏನನ್ನಬೇಕೋ ತಿಳಿಯದು. ಮೊಬೈಲಿನಲ್ಲಿ ಲಾರಿ ಪಲ್ಟಿ ಹೊಡೆಸುವವರಿಗೆ ಗಾಡಿಯ ಮರ್ಮವೆಲ್ಲ ಗೊತ್ತಿರಲೇಬೇಕು ಎಂದು ಎಲ್ಲರೂ ನಂಬಿಬಿಟ್ಟಿದ್ದರು. ಯಾರು ಗಾಡಿ ಕೊಂಡರೂ ಭಾವನವರು ಹೂಂ ಎನ್ನಬೇಕಿತ್ತು.

ನನ್ನ ಗಂಡ ಗಾಡಿ ಕೊಳ್ಳುವಾಗಲೂ ಅಷ್ಟೇ. “ಎತ್ತರದ್ದು ತಗೊಳ್ಳೋ. ನೆಲಕ್ಕೆ ತಾಗಬಾರ್ದು. ಸ್ಕಂದಗಿರಿ ಬೇಕಾದ್ರೂ ಹತ್ತತ್ತೆ” ಎಂದರು. ಸ್ಕಂದಗಿರಿಯನ್ನು ಕಳವಾರದಿಂದ ನಡೆದೇ ಹತ್ತಬೇಕು, ಗಾಡಿಗೆ ದಾರಿಯೇ ಇಲ್ಲ. ಅದು ಅವರಿಗೂ ಗೊತ್ತು, ನಮ್ಮವರಿಗೂ ಗೊತ್ತು. ಆದರೂ ಜೀಪು ಬಂತು. ಎಂಬತ್ತರ ನಮ್ಮತ್ತೆಗೆ ಮಂಡಿನೋವು, ಅಷ್ಟೆತ್ತರಕ್ಕೆ ಕಾಲೆತ್ತಲಾಗದು. ಚಿಂತಾಮಣಿಯ ಮದುವೆಗೆ ಹೋಗಲಿ, ಗೌರಿಬಿದನೂರಿನ ನಾಮಕರಣಕ್ಕೆ ಹೋಗಲಿ, ಜೊತೆಗೊಂದು ಪ್ಲಾಸ್ಟಿಕ್ ಸ್ಟೂಲು ಬರುತ್ತಿತ್ತು. ಎಲ್ಲರಿಗಿಂತ ಕೊನೆಗೆ ಹತ್ತುತ್ತಿತ್ತು, ಎಲ್ಲರಿಗಿಂತ ಮೊದಲು ಇಳಿಯುತ್ತಿತ್ತು. ಭಾವನವರು ಮುಂದಿನ ಸೀಟಿನಲ್ಲಿ ಕೂತು “ಗೇರ್ ಇಳ್ಸು, ಹಂಪ್ ಬಂತು” ಎಂದು ದಾರಿಯುದ್ದಕ್ಕೂ ಅಪ್ಪಣೆ ಕೊಡುತ್ತಿದ್ದರು. ನೀವೇ ಓಡಿಸಿ ಎಂದರೆ ಸೊಂಟ ಹಿಡಿದುಕೊಂಡಿದೆ ಎನ್ನುತ್ತಿದ್ದರು.

ನಾನು ಶಿಡ್ಲಘಟ್ಟದಾಚೆಯ ಒಂದು ಹಳ್ಳಿ ಶಾಲೆಯಲ್ಲಿ ಟೀಚರು. ಬೆಳಿಗ್ಗೆ ಒಂದೇ ಬಸ್ಸು. ಅದು ತಪ್ಪಿದರೆ ಕಂಡವರ ಗಾಡಿಗೆ ಕೈ ಅಡ್ಡ ಹಾಕಬೇಕು. ಹತ್ತು ವರ್ಷ ಹಾಗೆ ಕೈ ಹಾಕಿ ಸಾಕಾಗಿ, ಡ್ರೈವಿಂಗ್ ಕಲಿತು, ಲೈಸೆನ್ಸ್ ತೆಗೆದು, ಯಾರನ್ನೂ ಕೇಳದೆ ಒಂದು ಪುಟ್ಟ ಹಳೇ ಕಾರು ಕೊಂಡೆ. ಭಾವನವರು ಅದರ ಸುತ್ತ ಒಂದು ಸುತ್ತು ಬಂದು ಟೈರಿಗೆ ಕಾಲಲ್ಲಿ ಒದ್ದರು.

“ಇದಾ? ಇದು ಶುರುವಿನ ಗಾಡಿ ಕಣಮ್ಮ, ಆಟದಲ್ಲಿ ಪುಕ್ಸಟ್ಟೆ ಕೊಡ್ತಾರೆ. ಹೆಂಗಸ್ರಿಗೆ ಇದೆಲ್ಲ ಯಾಕೆ, ಸ್ಕೂಟಿ ಸಾಲ್ದಾ?”

ಎಲ್ಲರೂ ನಕ್ಕರು. ನನ್ನ ಗಂಡನೂ ನಕ್ಕರು. ನನಗೆ ಮೈಯೆಲ್ಲ ಉರಿದುಹೋಯಿತು.

ಮಾರನೆಯ ದಿನ ದೇವಸ್ಥಾನದ ಮುಂದೆ ಕಾರಿಗೆ ಪೂಜೆ. ಅರ್ಚಕರು ನಾಲ್ಕು ಚಕ್ರಕ್ಕೂ ನಿಂಬೆಹಣ್ಣಿಟ್ಟು ಆರತಿ ಬೆಳಗಿದರು. ನಾನು ಸ್ಟೇರಿಂಗ್ ಹಿಂದೆ ಕೂರಲು ಹೊರಟೆ. ಅತ್ತೆ ತಡೆದರು.

“ಇರಮ್ಮ. ಹಿರೀಮಗ ಇರೋವಾಗ ನೀನ್ಯಾಕೆ? ಮೊದ್ಲು ಅವನ ಕೈಲಿ ಓಡ್ಲಿ.”

ಭಾವನವರು ಸೊಂಟ ಮುಟ್ಟಿಕೊಂಡರು. “ನಾಕು ನಿಂಬೆಹಣ್ಣಿನ ಮೇಲೆ ಹತ್ಸೋಕೆ ಎಂಥಾ ಸೊಂಟನೋ, ಕೂತ್ಕೊಳೋ!” ಎಂದರು ಅತ್ತೆ. ಅವರು ಕೂತರು. ಪಕ್ಕದಲ್ಲಿ ನಾನು ಕೂತೆ. ಕೀಲಿ ತಿರುಗಿಸಿದರು, ಎಂಜಿನ್ ಶುರುವಾಯಿತು. ಆಮೇಲೆ ಏನೂ ಆಗಲಿಲ್ಲ. ಭಾವನವರು ತಮ್ಮ ಕಾಲಬುಡವನ್ನೇ ನೋಡುತ್ತಿದ್ದರು. ಹಣೆಯ ಕುಂಕುಮ ಬೆವರಿಗೆ ಮೂಗಿನ ಮೇಲೆ ಇಳಿದಿತ್ತು.

“ಏನಮ್ಮ,” ಎಂದರು ಪಿಸುದನಿಯಲ್ಲಿ, “ಇಲ್ಲಿ ಮೂರಿದ್ಯಲ್ಲ. ಯಾವ್ದು ಮೊದ್ಲು?”

ಮೊಬೈಲಿನ ಆಟದಲ್ಲಿ ಪೆಡಲು ಎರಡೇ ಇರುತ್ತವೆ. ಈ ಮಹಾನುಭಾವರು ಜನ್ಮದಲ್ಲಿ ಒಂದು ಗಾಡಿ ಓಡಿಸಿದವರಲ್ಲ ಎಂದು ನನಗೆ ಆಗ ಹೊಳೆಯಿತು. ಇವರ ಮಾತು ಕೇಳಿ ಅತ್ತೆ ಸ್ಟೂಲು ಹತ್ತುತ್ತಿದ್ದರು, ಇವರ ಮಾತಿಗೆ ನಿನ್ನೆ ಎಲ್ಲರೂ ನನ್ನನ್ನು ನೋಡಿ ನಕ್ಕಿದ್ದರು. ಕಿಟಕಿಯಿಂದ ತಲೆ ಹೊರಗೆ ಹಾಕಿದೆ.

“ಅತ್ತೇ, ಭಾವನವರು ಕ್ಲಚ್ ಯಾವ್ದು ಅಂತ ಕೇಳ್ತಿದ್ದಾರೆ!”

ಮೊದಲು ಅರ್ಚಕರು ನಕ್ಕರು, ಆಮೇಲೆ ಎಲ್ಲರೂ. ಅತ್ತೆ ಮಾತ್ರ ನಗಲಿಲ್ಲ. ಭಾವನವರು ಇಳಿದು “ಈ ಗಾಡಿ ಸೆಟ್ಟಿಂಗೇ ಸರಿಯಿಲ್ಲ” ಎಂದರು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಾನು ಈಚೆ ಸೀಟಿಗೆ ಬಂದು ಕಾರನ್ನು ಮುಂದಕ್ಕೆ ಬಿಟ್ಟೆ. ನಾಲ್ಕು ಹಣ್ಣೂ ಒಡೆದವು.

ಅಂದಿನಿಂದ ಅವರನ್ನು ಯಾರೂ ಗಾಡಿಯ ವಿಷಯ ಕೇಳಲಿಲ್ಲ. ಹಬ್ಬಕ್ಕೆ ಕರೆದರೂ ಅವರು ನಮ್ಮ ಮನೆಗೆ ಬರಲಿಲ್ಲ. ಕೊನೆಯ ಸಲ ನೋಡಿದ್ದು ಶಿಡ್ಲಘಟ್ಟದ ಬಸ್ ಸ್ಟ್ಯಾಂಡ್ ಹತ್ತಿರ. ಬಿಸಿಲಿನಲ್ಲಿ ಒಬ್ಬರೇ ನಿಂತಿದ್ದರು, ಕೈಯಲ್ಲಿ ಮೊಬೈಲ್ ಇರಲಿಲ್ಲ. ಕಾರು ನಿಲ್ಲಿಸಿ ಬಾಗಿಲು ತೆಗೆದೆ.

“ಬನ್ನಿ ಭಾವ.”

“ನೀನು ಹೋಗಮ್ಮ. ಬಸ್ ಬರತ್ತೆ.”

ಎರಡು ತಿಂಗಳಿಗೆ ತೀರಿಕೊಂಡರು. ಅವರು ಬೊಗಳೆಯವರು, ಅದರಲ್ಲಿ ನನಗೆ ಇವತ್ತಿಗೂ ಅನುಮಾನವಿಲ್ಲ. ಆದರೆ ಅಷ್ಟು ವರ್ಷದಲ್ಲಿ ತಮಗೆ ಬರುವುದಿಲ್ಲ ಎಂದು ಅವರು ಬಾಯಿಬಿಟ್ಟದ್ದು ನನ್ನೊಬ್ಬಳ ಹತ್ತಿರ, ಅದೂ ಪಿಸುದನಿಯಲ್ಲಿ. ನಾನೂ ಪಿಸುದನಿಯಲ್ಲೇ ಹೇಳಬಹುದಿತ್ತು.