ಕಾರಿನ ಮೂತಿಗೊಂದು ಹಲಗೆ

ನಮ್ಮ ಯಜಮಾನರಿಗೆ ಗಾಳಿ ಎಂದರೆ ಜನ್ಮದ ವೈರಿ. ಅಂಗಡಿಗಳಿಗೆ ಬೋರ್ಡು ಬರೆಯುವವರು ಇವರು. ಬೋರ್ಡು ಕಿತ್ತುಕೊಂಡು ಹೋಗುವ ಗಾಳಿಯೇ ಕಾರನ್ನೂ ಹಿಂದಕ್ಕೆ ನೂಕಿ ಪೆಟ್ರೋಲ್ ಕುಡಿಸುತ್ತದೆ ಎಂದು ಅದ್ಯಾವಾಗ ಹೊಳೆಯಿತೋ, ಮನೆಯ ನೆಮ್ಮದಿ ಹೋಯಿತು. ಮಿಕ್ಕ ಪ್ಲಾಸ್ಟಿಕ್ ಹಲಗೆ ಕತ್ತರಿಸಿ ಕಾರಿನ ಮುಂದಿನ ಜಾಲರಿ ಮುಚ್ಚಿದರು. ಬಂಪರಿನ ಕೆಳಗೆ ರಬ್ಬರ್ ಪಟ್ಟಿ ಇಳಿಬಿಟ್ಟರು, ಅದೂ ನಾನು ಬಚ್ಚಲ ಬಾಗಿಲಿಗೆಂದು ತಂದಿಟ್ಟಿದ್ದು! ಕೇಳಿದರೆ, "ಗಾಳಿ ಒಳಗೆ ನುಗ್ಗದೆ ಜಾರ್ಕೊಂಡು ಹೋಗ್ಬೇಕು ಕಣೇ" ಎಂದು ಹಲ್ಲು ಕಿರಿದರು. ಸುಳ್ಳೇಕೆ ಹೇಳಲಿ, ಪೆಟ್ರೋಲ್ ಉಳಿದದ್ದು ನಿಜ.

ದಿಬ್ಬ ಹತ್ತುವಾಗ ಎಂಜಿನ್ ಕಾಯುತ್ತದೆ, ಒಳಗೆ ಗಾಳಿ ಬೇಕು. ಆಗ ಇವರು ಗಾಡಿ ನಿಲ್ಲಿಸಿ, ಹಲಗೆ ಕಿತ್ತು ನನ್ನ ತೊಡೆಯ ಮೇಲಿಟ್ಟು, ದಿಬ್ಬ ಇಳಿದ ಮೇಲೆ ಮತ್ತೆ ಸಿಕ್ಕಿಸುತ್ತಿದ್ದರು.

ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ಇವರನ್ನು ಎತ್ತಿ ಆಡಿಸಿ ಬೆಳೆಸಿದ ಅಕ್ಕ ಬಾಡಿಗೆ ಕಾರು ಓಡಿಸುತ್ತಾರೆ. ಗುಡ್ಡದ ಮೇಲಿನ ಆಸ್ಪತ್ರೆಗೆ ರೋಗಿಗಳನ್ನು ಮುಟ್ಟಿಸುವುದೇ ಅವರ ಬದುಕು. ಅಕ್ಕನಿಗೂ ಉಪಕಾರವಾಗಲಿ ಎಂದು ಆ ಕಾರಿಗೂ ಹಲಗೆ ಹಾಕಿದರು. "ಪದೇಪದೇ ಇಳಿದು ಕೀಳೋದು ಅಕ್ಕನ ಕೈಲಾಗಲ್ಲ" ಎಂದು ಸ್ಕ್ರೂ ಬಿಗಿದೇಬಿಟ್ಟರು. ದಿಬ್ಬದಲ್ಲಿ ಅದನ್ನು ಕೀಳಬೇಕೆಂದು ಮಾತ್ರ ಅಕ್ಕನಿಗೆ ಹೇಳಲೇ ಇಲ್ಲ. "ಎಂಜಿನ್ ಬಿಸಿ ತೋರ್ಸೋ ಮುಳ್ಳು ಮೇಲಕ್ಕೇರ್ತಿದೆ ಕಣೋ" ಎಂದು ಅಕ್ಕ ಫೋನ್ ಮಾಡಿದಾಗ ಇವರು ಕುಂಚ ಕೂಡ ಕೆಳಗಿಡಲಿಲ್ಲ. "ಹಳೇ ಮುಳ್ಳು ಅಕ್ಕ, ಅದನ್ನ ನಂಬ್ಬೇಡ" ಎಂದದ್ದನ್ನು ನಾನೇ ಕಿವಿಯಾರೆ ಕೇಳಿದೆ.

ಆ ವಾರವೇ ದಿಬ್ಬದ ನಡುವೆ ಎಂಜಿನ್ ಕುದಿದು ನಿಂತುಬಿಟ್ಟಿತು. ಒಳಗೆ ರೋಗಿ! ಸದ್ಯ, ಹಿಂದೆ ಬಂದ ಗಾಡಿಯವರು ಅಕ್ಕನನ್ನೂ ರೋಗಿಯನ್ನೂ ಹತ್ತಿಸಿಕೊಂಡು ಹೋದರು. ಇವರು ಓಡಿಹೋಗಿ, ಮೆಕ್ಯಾನಿಕ್ ಬರುವ ಮುಂಚೆಯೇ ಹಲಗೆ ಬಿಚ್ಚಿ ತಂದು ನಮ್ಮ ಮಂಚದ ಕೆಳಗೆ ತಳ್ಳಿದರು.

"ಬೆಳಗ್ಗೆ ರೇಡಿಯೇಟರ್ ನೀರು ನೋಡ್ಲಿಲ್ವಾ?" ಎಂದು ಮೆಕ್ಯಾನಿಕ್ ಕೇಳಿದ್ದನ್ನು ಅಕ್ಕ ಮನಸ್ಸಿಗೆ ಹಚ್ಚಿಕೊಂಡರು. ನಮ್ಮ ಅಡುಗೆಮನೆಯಲ್ಲಿ ಕೂತು ದಿನಾ ಅದೇ ಮಾತು. "ನೋಡಿದ್ದೆ ಅನ್ಸುತ್ತೆ... ಮರೆತೆನೋ ಏನೋ. ಇನ್ನೊಬ್ಬರ ಜೀವ ಕೈಲಿಟ್ಕೊಂಡು ಓಡಿಸೋಳಿಗೆ ಮರೆವು ಬಂದ್ರೆ ಮುಗೀತು. ಗಾಡಿ ಮಾರಿಬಿಡ್ತೀನಿ." ಇವರು ಎದುರಿಗೇ ಕೂತು ಉಗುರಿನ ಬಣ್ಣ ಕೆರೆಯುತ್ತಿದ್ದರು. ಊಟ ಸೇರುತ್ತಿರಲಿಲ್ಲ, ನಿದ್ದೆ ಹತ್ತುತ್ತಿರಲಿಲ್ಲ, ಬಾಯಿ ಮಾತ್ರ ಬಿಡಲೊಲ್ಲರು.

ಒಂದು ದಿನ ಅಕ್ಕ ಅತ್ತು ಮುಖ ತೊಳೆಯಲು ಎದ್ದರು. ನನಗೆ ಮೈಯೆಲ್ಲ ಉರಿದುಹೋಯಿತು.

"ರೀ, ನೀವು ಹೇಳ್ತೀರೋ, ನಾನು ಹೇಳ್ಲೋ?"

"ಯಾವ ಮುಖ ಇಟ್ಕೊಂಡು ಹೇಳ್ಲೇ?"

"ಇರೋದೊಂದೇ ಅಲ್ವಾ, ಅದನ್ನೇ ಇಟ್ಕೊಂಡು!"

ಇವರು ಹಲಗೆ ತಂದು ಅಕ್ಕನ ಮುಂದಿಟ್ಟರು. ತಡವರಿಸುತ್ತ ಎಲ್ಲವನ್ನೂ ಹೇಳಿದರು. ಅಕ್ಕ ಸ್ಕ್ರೂ ತೂತುಗಳ ಮೇಲೆ ಬೆರಳಾಡಿಸಿದರು.

"ನೀನು ಒಳ್ಳೇದಕ್ಕೇ ಹಾಕಿದ್ದೆ, ಬಿಡು. ಆದ್ರೆ ನನ್ನ ತಲೆನೇ ಕೆಟ್ಟುಹೋಯ್ತು ಅಂತ ಅಳ್ತಾ ಇದ್ನಲ್ಲೋ. ನೀನು ಇಲ್ಲೇ ಕೂತು ನೋಡ್ತಿದ್ದೆಯಲ್ಲೋ."

ಇವರು ಗಳಗಳ ಅತ್ತರು. ಅಕ್ಕ ಅಳಲಿಲ್ಲ. "ಗಾಡಿ ಮಾರಲ್ಲ. ರಿಪೇರಿ ಆಗೋವರೆಗೂ ರೋಗಿಗಳನ್ನ ನಿನ್ನ ಗಾಡೀಲಿ ಕರ್ಕೊಂಡು ಹೋಗೋಣ. ಬೆಳಗ್ಗೆ ಬೇಗ ಬಾ" ಎಂದರು.

ಮರುದಿನ ನಾನೂ ಜೊತೆಗೆ ಹೋದೆ. ಇವರು ಹಲಗೆ, ಪಟ್ಟಿ ಎಲ್ಲ ಕಿತ್ತೆಸೆದಿದ್ದರು. ಪಕ್ಕದ ಸೀಟನ್ನು ಒರೆಸಿಟ್ಟಿದ್ದರು. ನಮ್ಮ ಕಾರು ಹತ್ತಿದರೆ ಯಾವಾಗಲೂ ಅಕ್ಕ ಅಲ್ಲೇ ಕೂತು, ತಮ್ಮನ ಕಿವಿ ಹಿಂಡುತ್ತ ದಾರಿಯುದ್ದಕ್ಕೂ ರೇಗಿಸುವುದು. ಅವತ್ತು ಅಕ್ಕ ಬಂದವರೇ ಹಿಂದಿನ ಬಾಗಿಲು ತೆಗೆದು ನನ್ನ ಪಕ್ಕ ಕೂತರು. ಇವರು ಮುಂದಿನ ಬಾಗಿಲು ಹಿಡಿದುಕೊಂಡೇ ನಿಂತಿದ್ದರು.