ಬಣ್ಣ ಬೀಳದ ಬಾವಿ

ಕುಮಟೆಗೆ ಬಂದ ಮೊದಲ ಮಳೆಗಾಲದಲ್ಲಿ ನಮ್ಮ ಬಟ್ಟೆಗಳು ಕಪಾಟಿನೊಳಗೇ ಕೆಡತೊಡಗಿದವು. ಒಗೆದು, ಮಡಿಚಿ, ಬಾಗಿಲು ಹಾಕಿ ಇಟ್ಟ ಬಟ್ಟೆಗಳು. ಮಗಳು ಸೃಷ್ಟಿಯ ಬಿಳಿ ಅಂಗಿ ಹೊರಗೆ ತೆಗೆದರೆ ಬೆನ್ನ ತುಂಬ ಸಾಸಿವೆ ಚೆಲ್ಲಿದ ಹಾಗೆ ಕಪ್ಪು ಚುಕ್ಕೆ. ಶಾಲೆಯಲ್ಲಿ ಮಸಿ ಎರಚಿಸಿಕೊಂಡು ಬಂದಿದ್ದಾಳೆಂದು ಅವಳಿಗೇ ಬೈದೆ. "ಅದು ಬೂಷ್ಟು ಅಕ್ಕ. ಯಾರೂ ಮಾಡಿದ್ದಲ್ಲ" ಎಂದು ಮೀನು ಮಾರಲು ಬಂದ ನಾಗವೇಣಿ ನಕ್ಕಳು. ಬೂಷ್ಟು ಹಳಸಿದ ಅನ್ನಕ್ಕೆ ಬರುವುದನ್ನು ಕಂಡಿದ್ದೆ, ಅಂಗಿಗೂ ಬರುತ್ತದೆಂದು ಯಾರು ಹೇಳಿದ್ದರು?

ನನ್ನೂರು ಗದಗ-ಬೆಟಗೇರಿಯಲ್ಲಿ ಕುಳಿತು ಓದುತ್ತಿರುವ ನಿಮಗೆ ಇದು ತಿಳಿಯಲಿಕ್ಕಿಲ್ಲ. ನಮ್ಮಲ್ಲಿ ಬೆಳಿಗ್ಗೆ ಹಾಕಿದ ಬಟ್ಟೆ ಮಧ್ಯಾಹ್ನಕ್ಕೆ ಹಪ್ಪಳವಾಗುತ್ತದೆ. ಬಿಸಿಲಿಗೇನು ಬರವಿಲ್ಲ, ಬರ ಇದ್ದದ್ದು ನೀರಿಗೆ. ನಲ್ಲಿ ಬಂದ ದಿನ ಮನೆಯ ಚರಿಗೆ ತಂಬಿಗೆಗಳನ್ನೂ ಬಿಡದೆ ತುಂಬಿಟ್ಟು, ಮುಖ ತೊಳೆದ ನೀರನ್ನು ತುಳಸಿಗೆ ಹಾಕಿ ಬೆಳೆದವಳು ನಾನು. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿರುವ ನಮ್ಮ ಮನೆಯವರಿಗೆ ಇಲ್ಲಿಗೆ ವರ್ಗವಾದಾಗ, ಬಾಡಿಗೆ ಮನೆಯ ಅಂಗಳದಲ್ಲಿ ಒಂದು ಬಾವಿ ಕಂಡೆ. ಬಗ್ಗಿದರೆ ಮುಖ ಕಾಣುವಷ್ಟು ಮೇಲೆ ನೀರು. ಆ ದಿನ ಸಾಮಾನು ಇಳಿಸುವುದನ್ನೂ ಬಿಟ್ಟು ಸುಮ್ಮನೆ ಅದನ್ನೇ ನೋಡುತ್ತ ನಿಂತಿದ್ದೆ.

ಮನೆಯ ಒಡತಿ ಸುಶೀಲಮ್ಮ ಮುಂದಿನ ಭಾಗದಲ್ಲಿದ್ದರು, ನಾವು ಹಿಂದೆ. ಒಳ್ಳೆಯವರು ಎಂದೇ ನಾನು ಊರಿಗೆ ಫೋನಿನಲ್ಲಿ ಹೇಳುತ್ತಿದ್ದೆ. ಸೃಷ್ಟಿಗೆ ಜ್ವರ ಬಂದಾಗ ಗಂಜಿ ಮಾಡಿ ಕಳಿಸಿದ್ದರು. ನನ್ನ ಮಾತು ಕೇಳಿ "ನಿಮ್ಮ ಘಟ್ಟದ ಮೇಲಿನ ಭಾಷೆ ಜಗಳ ಮಾಡಿದ ಹಾಗೇ ಕೇಳ್ತದೆ" ಎಂದು ನಗುತ್ತಿದ್ದರು. ನನಗೂ ಇಲ್ಲಿಯ ಮಾತು ಹೊಸದು. 'ಏನು' ಎನ್ನುವುದಕ್ಕೆ 'ಎಂತ', 'ಅಂತ' ಎನ್ನುವುದಕ್ಕೆ 'ಹೇಳಿ'. 'ಆತು' ಒಂದು ಮಾತ್ರ ನಮ್ಮದೇ. ಪೇಟೆಯಲ್ಲಿ ಯಾರಾದರೂ 'ಆತು' ಅಂದರೆ ತವರಿನವರು ಸಿಕ್ಕಂತೆ ತಿರುಗಿ ನೋಡುತ್ತಿದ್ದೆ.

ನಾಗವೇಣಿ ನಮ್ಮ ಕೇರಿಗೆ ಮೀನು ತರುವವಳು. ಗಂಡ ಬೋಟಿಗೆ ಹೋಗುತ್ತಾನೆ. ಅವಳ ದೊಡ್ಡ ಮಗಳು ಧನ್ಯಾ ಸೃಷ್ಟಿಯ ಕ್ಲಾಸು. ನಾವು ಹಬ್ಬಕ್ಕೊಮ್ಮೆ ಕುರಿ ಮಾಂಸ ತಿನ್ನುವವರೇ ಹೊರತು ಸಮುದ್ರದ ಮೀನು ಕಂಡವರಲ್ಲ. ಬಂಗಡೆಯ ಹೊಟ್ಟೆ ಸೀಳಿ ತೊಳೆಯುವುದನ್ನು ನಮ್ಮ ಹಿತ್ತಿಲಿನ ಮೆಟ್ಟಿಲ ಮೇಲೆ ಕುಳಿತು ಅವಳೇ ಕಲಿಸಿದಳು. ಊರು ಬಿಟ್ಟು ಬಂದವಳಿಗೆ ಮಧ್ಯಾಹ್ನಗಳು ಬಹಳ ಉದ್ದ ಇರುತ್ತವೆ. ಬುಟ್ಟಿ ಖಾಲಿಯಾದ ಮೇಲೆ ಅವಳು ಬಂದು ಕೂತರೆ ನನ್ನ ಮಧ್ಯಾಹ್ನ ಕಳೆಯುತ್ತಿತ್ತು.

ದಸರೆ ರಜೆಯಲ್ಲಿ ಧನ್ಯಾ ಮೊಬೈಲಿನಲ್ಲಿ ಏನೋ ನೋಡಿಕೊಂಡು ಬಂದಳು. ಅಂಗಿಗೆ ಅಲ್ಲಲ್ಲಿ ರಬ್ಬರು ಸುತ್ತಿ ಗಂಟು ಕಟ್ಟಿ ಬಣ್ಣದಲ್ಲಿ ಅದ್ದಿದರೆ, ಗಂಟು ಬಿಚ್ಚಿದಾಗ ಚಕ್ರ, ಹೂವು, ಸೂರ್ಯ ಮೂಡುತ್ತವಂತೆ. "ಬೂಷ್ಟು ಕಾಣೂದಿಲ್ಲ ಆಂಟಿ" ಎಂದಳು. ನನಗೂ ಸರಿಯೆನಿಸಿತು. ಪೇಟೆಯಿಂದ ಕೆಂಪು, ನೀಲಿ, ಹಳದಿ ಪುಡಿ ತಂದೆ. ನಾಗವೇಣಿ ತನ್ನ ಇಬ್ಬರು ಹೆಣ್ಣುಮಕ್ಕಳನ್ನೂ, ಚುಕ್ಕೆ ಬಿದ್ದ ಅಂಗಿಗಳ ಗಂಟನ್ನೂ ಹೊತ್ತು ಬಂದಳು. ಉಪ್ಪು ಹಾಕಿದ ಬಿಸಿನೀರಿನಲ್ಲಿ ಬಣ್ಣ ಕಲಸಿ ಹಿತ್ತಿಲಿನಲ್ಲಿ ಸಾಲಾಗಿ ಬಕೆಟ್ ಇಟ್ಟೆವು. ರಜೆಗೆ ಮಂಗಳೂರಿನಿಂದ ಬಂದಿದ್ದ ಸುಶೀಲಮ್ಮನ ಮೊಮ್ಮಗಳು ಅನನ್ಯಾ ಕೂಡ ತನ್ನ ಬಿಳಿ ಫ್ರಾಕು ಹಿಡಿದು ಓಡಿಬಂದಳು.

ಆ ಬೆಳಗು ಬಹಳ ಚೆನ್ನಾಗಿತ್ತು. ಅದನ್ನು ಬರೆಯದೆ ಮುಂದಿನದನ್ನು ಬರೆದರೆ ತಪ್ಪಾಗುತ್ತದೆ. ಮಕ್ಕಳು ಕಡಲದಂಡೆಯ ಕಲ್ಲುಗಳನ್ನು ಬಟ್ಟೆಯಲ್ಲಿಟ್ಟು ಗಂಟು ಹಾಕಿದರು. ನಾಗವೇಣಿಯ ಗಂಟು ಮಾತ್ರ ಬಿಚ್ಚಲಿಕ್ಕೇ ಬರಲಿಲ್ಲ. "ಬಲೆಗೆ ಹಾಕುವ ಗಂಟು ಇದು, ಕೈಗೆ ಬೇರೆದು ಬರೂದೇ ಇಲ್ಲ" ಎಂದು ಅವಳೇ ಬಿದ್ದು ಬಿದ್ದು ನಕ್ಕಳು. ಊರು ಬಿಟ್ಟ ಮೇಲೆ ನಾನು ಅಷ್ಟು ನಕ್ಕದ್ದು ಅದೇ ಮೊದಲು.

ಕೊನೆಗೆ ಅಂಗಿಗಳನ್ನು ಜಾಲಿಸಬೇಕಿತ್ತು. ಬಾವಿಯಿಂದ ದೂರ, ಬಚ್ಚಲ ಮೋರಿಯ ಹತ್ತಿರ ಕೂತೆವು. ಕೈ ತೊಳೆದು ಬಂದ ಧನ್ಯಾ ಬಾವಿಯ ಹಗ್ಗ ಹಿಡಿದು ಕೊಡಪಾನ ಇಳಿಸಿದಳು. ನಾವು ಕೊಡ ಎನ್ನುವುದನ್ನು ಇಲ್ಲಿ ಕೊಡಪಾನ ಎನ್ನುತ್ತಾರೆ. ಎರಡು ಸಲ ಸೇದಿದ್ದಳು. ಮೂರನೆಯದು ಅರ್ಧ ಮೇಲೆ ಬಂದಿತ್ತು, ಸುಶೀಲಮ್ಮ ಬಂದರು.

ಅವರು ಧನ್ಯಾಳನ್ನು ದಾಟಿ ಹೋದರು. ಅನನ್ಯಾಳ ಮಣಿಕಟ್ಟು ಹಿಡಿದು ಎಳೆದರು. ನಂತರ ನನ್ನ ಕಡೆ ತಿರುಗಿ, "ಬಾವಿಗೆ ಬಣ್ಣ ಹೋಯ್ತು" ಎಂದರು.

"ಎಲ್ಲಿ ಬಿದ್ದೈತ್ರಿ? ಹುಡುಗಿ ಕೈ ತೊಳಕೊಂಡ ಬಂದಾಳ್ರಿ. ನೀವ ನೋಡ್ರಿ."

ಅವರು ನೋಡಲಿಲ್ಲ. "ನಿಮ್ಮ ಹುಡುಗಿ ಸೇದ್ಲಿ, ಬೇಡ ಹೇಳಿದ್ನಾ? ಅವ್ರ ಮಕ್ಳಿಗೆ ರಸ್ತೆ ಬದಿ ನಲ್ಲಿ ಇದ್ಯಲ್ಲ."

ಆಗ ತಿಳಿಯಿತು. ಧನ್ಯಾ ಹಗ್ಗ ಬಿಟ್ಟಳು. ಕೊಡಪಾನ ಬಾವಿಗೆ ಬಿದ್ದ ಸದ್ದು ಎಲ್ಲರಿಗೂ ಕೇಳಿಸಿತು.

ನನ್ನ ಬಾಯಿ ನನ್ನ ಕೈಲಿರಲಿಲ್ಲ. "ಇವರವ್ವ ತಂದ ಬಂಗಡೆ ಇದ ಬಾವಿ ನೀರಾಗ ತೊಳದು ತಿಂತೀರಿ. ಆಗ ಬಾವಿ ಕೆಡಂಗಿಲ್ಲೇನ್ರಿ? ಮೀನು ನಡೀತೈತಿ, ಮೀನು ತಂದಾಕಿ ಮಗಳ ಕೈ ನಡಿಯಂಗಿಲ್ಲ?" ಇನ್ನೂ ಏನೇನೋ ಅಂದೆ. ಕೇರಿಯ ಕಿಟಕಿಗಳು ತೆರೆದುಕೊಂಡವು. ಸುಶೀಲಮ್ಮ ಒಂದೇ ಮಾತು ಹೇಳಿದರು. "ನಮ್ಮ ಪದ್ಧತಿ ನಿಮಗೆ ಗೊತ್ತಿಲ್ಲ."

ಮರುದಿನ ಪಂಪು ಬಂತು. ಬಾವಿಯ ನೀರನ್ನು ಎತ್ತಿ ಗಟಾರಿಗೆ ಬಿಟ್ಟರು. ಕನ್ನಡಿಯಂಥ ನೀರು, ಒಂದು ಹನಿ ಬಣ್ಣವಿಲ್ಲ. ಸಂಜೆಯವರೆಗೆ ಹರಿಯಿತು, ಆದರೂ ಒರತೆ ನಿಲ್ಲಲಿಲ್ಲ. ಕೊನೆಗೆ ಪಂಪಿನವನೇ ಸೋತು ಹೋದ. ನಾನು ಕಿಟಕಿಯಲ್ಲೇ ನಿಂತು ನೋಡಿದೆ. ನಮ್ಮ ಓಣಿಯಲ್ಲಿ ಒಂದು ಕೊಡ ನೀರಿಗೆ ಜುಟ್ಟು ಹಿಡಿದು ಹೊಡೆದಾಡಿದವರನ್ನು ಕಂಡಿದ್ದೇನೆ. ಅದು ಇಲ್ಲದವರ ಜಗಳ. ಇದು ಏನು? ಒಂದು ಮಗು ಹಗ್ಗ ಮುಟ್ಟಿತೆಂದು ಬಾವಿಯನ್ನೇ ಚೆಲ್ಲುವುದು?

ನಮ್ಮ ಕಡೆ ಹೀಗಿಲ್ಲ ಎಂದು ಬರೆದರೆ ನೀವೇ ನಗುತ್ತೀರಿ. ಯಾವ ಕೆರೆ ಯಾರದು, ಯಾವ ಹೋಟೆಲಿನಲ್ಲಿ ಯಾರ ಚಹಾದ ಕಪ್ಪು ಬೇರೆ ಎಂಬುದು ನಿಮಗೂ ಗೊತ್ತು. ಅಲ್ಲಿ ಅದು ಹುಟ್ಟಿದಾಗಿನಿಂದ ಕಣ್ಣ ಮುಂದೆ ಇತ್ತು, ಕಣ್ಣಿಗೆ ಬೀಳುತ್ತಿರಲಿಲ್ಲ. ಇಲ್ಲಿ ಕಂಡಿತು. ಕಂಡ ಮೇಲೆ ಅಲ್ಲಿಯದೂ ಕಾಣತೊಡಗಿತು. ನನ್ನ ಸಿಟ್ಟು ಈಗ ಎರಡೂ ಊರಿನ ಮೇಲಿದೆ.

ಮನೆ ಬಿಡುತ್ತೇವೆಂದು ನಾವೇ ಹೇಳಿದೆವು. ನಮ್ಮ ಮನೆಯವರು ಮೊದಲು ಗೊಣಗಿದರೂ ಬಾವಿಯ ನೀರು ಎತ್ತಿಸಿದ್ದನ್ನು ಕಂಡ ಮೇಲೆ ಸುಮ್ಮನಾದರು. ಹೊಸ ಮನೆ ಹುಡುಕುವಾಗ ಎಲ್ಲರೂ ಮೊದಲು ಕೇಳಿದ್ದು, "ನೀವು ಯಾವ ಪೈಕಿ?" ಅಂದರೆ ಯಾವ ಜಾತಿ ಎಂದು. ಕೊನೆಗೆ ಹೆದ್ದಾರಿ ಬದಿ ಎರಡು ಕೋಣೆ ಸಿಕ್ಕಿತು. ಬಾವಿ ಇಲ್ಲ, ನಲ್ಲಿ ನೀರು.

ಇದನ್ನು ಹೇಳಲು ನಾಗವೇಣಿಯ ಮನೆಗೆ ಹೋದೆ. ಮೆಚ್ಚುತ್ತಾಳೆಂದುಕೊಂಡಿದ್ದೆ. ಅವಳು ಒಣಮೀನು ತಿರುವಿ ಹಾಕುತ್ತ ತಲೆಯೆತ್ತಲಿಲ್ಲ.

"ನೀವು ಎಂತಕ್ಕೆ ಬಾಯಿ ಮಾಡಿದ್ರಿ ಅಕ್ಕ?"

"ಅನ್ನಬಾರದಿತ್ತೇನ? ನಿನ್ನ ಮಗಳಿಗೆ ಅಂದಾರ ನಾಗವೇಣಿ."

"ನನ್ನ ಮಗಳಿಗೆ ಅಂದದ್ದು ನಂಗೆ ಕೇಳ್ಲಿಲ್ಲ ಹೇಳಿ ತಿಳ್ಕಂಡ್ರಾ? ಆ ಕೇರಿಲಿ ಈಗ ಒಬ್ರೂ ನನ್ನ ಹತ್ರ ಮೀನು ತಕ್ಕಂಬುದಿಲ್ಲ. ನೀವು ನಾಳೆ ವರ್ಗ ಆತು ಹೇಳಿ ಗಾಡಿ ಹತ್ತುವವ್ರು. ನಾ ಎಲ್ಲಿಗೆ ಹೋಗ್ಲಿ?"

ಮನೆಗೆ ತಿರುಗಿ ಬಂದೆ. ಅಂದದ್ದು ತಪ್ಪೆಂದು ನಾನು ಒಪ್ಪುವುದಿಲ್ಲ, ಮತ್ತೆ ಹಾಗಾದರೆ ಮತ್ತೆ ಅನ್ನುತ್ತೇನೆ. ಆದರೆ ಅಂದದ್ದು ನಾನು, ತೆತ್ತದ್ದು ಅವಳು. ಅವಳು ಈಗ ಬೇರೆ ಕೇರಿಗಳಿಗೆ ಹೋಗುತ್ತಾಳೆ, ಬಹಳ ದೂರ ನಡೆಯುತ್ತಾಳೆ. ಎಷ್ಟೋ ತಿಂಗಳು ನಮ್ಮ ಮನೆ ಕಡೆ ಬರಲಿಲ್ಲ. ಸೃಷ್ಟಿ, ಧನ್ಯಾ ಮಾತ್ರ ಮಾತು ಬಿಡಲಿಲ್ಲ. ಬಣ್ಣದ ಅಂಗಿಗಳನ್ನೇ ಹಾಕಿಕೊಂಡು ಜೊತೆಯಲ್ಲಿ ಶಾಲೆಯ ಪಿಕ್ನಿಕ್ಕಿಗೆ ಅಪ್ಸರಕೊಂಡ ಜಲಪಾತಕ್ಕೆ ಹೋಗಿಬಂದರು.

ಕಳೆದ ವಾರ ನಾಗವೇಣಿ ಬಂದಳು. ಬುಟ್ಟಿ ಹೊರಗಿಟ್ಟು, ನಾನು ಕರೆಯುವ ಮೊದಲೇ ಒಳಗೆ ಬಂದು ಅಡುಗೆಮನೆಯಲ್ಲಿ ಕೂತು, "ನೀರು ಕೊಡಿ" ಎಂದಳು. ಕೊಟ್ಟೆ.

ಅದೇ ಸಂಜೆ ನಮ್ಮ ಮನೆಯವರು ಕೇಳಿದರು, "ಗದಗ ಡಿಪೋದಾಗ ಜಾಗ ಖಾಲಿ ಐತಂತ. ಕೇಳ್ಲೇನ?"

ಊರು ಬಿಟ್ಟಾಗಿನಿಂದ ಕಾದ ಮಾತು. ಅವ್ವನ ಮನೆ, ಒಣ ಗಾಳಿ, ಬಿಸಿ ರೊಟ್ಟಿ ಎಲ್ಲವೂ ಒಮ್ಮೆಗೇ ಕಣ್ಣ ಮುಂದೆ ಬಂದವು. ಹೋದರೆ ನಾಗವೇಣಿ ಅಂದದ್ದೇ ನಿಜವಾಗುತ್ತದೆ. ಉಳಿದರೆ ಈ ಊರು ನನ್ನನ್ನು ತನ್ನವಳೆಂದುಕೊಳ್ಳುತ್ತದೆ ಎಂಬ ನಂಬಿಕೆ ನನಗಿಲ್ಲ.

"ಈಗ ಬ್ಯಾಡ" ಅಂದೆ. ಅವರು ಯಾಕೆಂದು ಕೇಳಿದರು. ನಾನು ಸಿಟ್ಟಿನಿಂದ ಎದ್ದು ಅಡುಗೆಮನೆಗೆ ಹೋದೆ. ಆ ಸಿಟ್ಟು ಯಾರ ಮೇಲೆ ಎಂದು ಅವರಿಗೂ ತಿಳಿಯಲಿಲ್ಲ, ನನಗೂ ತಿಳಿಯಲಿಲ್ಲ.